ಪಾಕ್‌ಬೆಂಗ್: ಬೋಟಿನವರು ರಾತ್ರಿ ಕಳೆಯುವ ಊರು

ಉತ್ತರ ಲಾವೋಸ್‌ನ ಮೆಕಾಂಗ್ ನದಿಯಲ್ಲಿ ಕತ್ತಲಾದ ಮೇಲೆ ಪ್ರಯಾಣಿಕರ ಬೋಟ್ ಓಡುವುದಿಲ್ಲ. ನೀರಿನಡಿ ಬಂಡೆ, ಅಲ್ಲಲ್ಲಿ ಸುಳಿ, ನಡುವೆ ಮರಳು ದಿಬ್ಬ. ಚಾಲಕನಿಗೆ ನೀರಿನ ಮೈ ಕಾಣಬೇಕು, ಅದಕ್ಕೆ ಬೆಳಕು ಬೇಕು. ಥಾಯ್ಲೆಂಡ್ ಗಡಿಯ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಹೊಳೆಯ ದಾರಿ ಸುಮಾರು 300 ಕಿಲೋಮೀಟರ್. ಸ್ಲೋ ಬೋಟ್ ಒಂದೇ ಹಗಲಲ್ಲಿ ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಹೆಚ್ಚುಕಮ್ಮಿ ಅರ್ಧ ದಾರಿಯಲ್ಲಿ, ಬೆಂಗ್ ಅನ್ನುವ ಸಣ್ಣ ಹೊಳೆ ಮೆಕಾಂಗ್‌ಗೆ ಸೇರುವ ಜಾಗದಲ್ಲಿ, ಎಲ್ಲರೂ ಇಳಿದು ರಾತ್ರಿ ಮಲಗಿ ಬೆಳಿಗ್ಗೆ ಮತ್ತೆ ಹೊರಡಬೇಕು. ಆ ಜಾಗವೇ ಪಾಕ್‌ಬೆಂಗ್.

ಹೋಗಿ ಬಂದವರನ್ನು ಕೇಳಿದರೆ "ಅಲ್ಲೇನಿಲ್ಲ, ಸುಮ್ನೆ ಮಲಗೋಕೆ ಒಂದು ಊರು" ಅನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಆ ಇಡೀ ದಾರಿಯಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಆ ಮಲಗುವ ಊರೇ.

2024ರ ಜನವರಿಯಲ್ಲಿ ಹೋಗಿದ್ದು. ಜೊತೆಗೆ ನಮ್ಮ ಭಾವ, ಅಂದರೆ ಅಕ್ಕನ ಗಂಡ. ಸಾಗರದ ಕಡೆಯವರು, ಕೆಪಿಸಿಯಲ್ಲಿ, ಅಂದರೆ ಕರ್ನಾಟಕ ವಿದ್ಯುತ್ ನಿಗಮದಲ್ಲಿ, ಕೆಲಸ ಮಾಡಿ ನಿವೃತ್ತರಾದವರು. ಮೀನು ಮಾಂಸ ಮುಟ್ಟುವುದಿಲ್ಲ, ಮೊಟ್ಟೆಯೂ ಇಲ್ಲ. ಲಾವೋಸ್‌ನಲ್ಲಿ 2021ರ ಡಿಸೆಂಬರ್‌ನಿಂದ ಹೊಸ ರೈಲು ಓಡುತ್ತಿದೆ. ವ್ಯಾನ್ ಹಿಡಿದು ಒಳಗಿನ ಒಂದು ಸ್ಟೇಷನ್‌ಗೆ ಹೋಗಿ ರೈಲು ಹತ್ತಿದರೆ ಬೇಗ ಮುಟ್ಟಬಹುದು ಅಂತ ನಾನು ಹೇಳಿ ನೋಡಿದೆ. "ರೈಲು ಹತ್ತೋಕೆ ಇಷ್ಟು ದೂರ ಯಾಕೆ ಬರಬೇಕಿತ್ತು ಮಾರಾಯ? ಹೊಳೆ ಮೇಲೇ ಹೋಗೋಣ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಥಾಯ್ಲೆಂಡ್‌ನ ಚಿಯಾಂಗ್ ರಾಯ್‌ನಿಂದ ಬಸ್ಸಲ್ಲಿ ಗಡಿಯ ಚಿಯಾಂಗ್ ಖೋಂಗ್. ಅಲ್ಲಿ 2013ರ ಡಿಸೆಂಬರ್‌ನಲ್ಲಿ ಶುರುವಾದ ನಾಲ್ಕನೇ ಥಾಯ್-ಲಾವೋ ಸ್ನೇಹ ಸೇತುವೆ ಇದೆ. ಅದಕ್ಕೂ ಮುಂಚೆ ಸಣ್ಣ ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದರಂತೆ. ಈಗ ಥಾಯ್ ಕಡೆ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತಿಸಿಕೊಂಡು ಸೇತುವೆಯ ಬಸ್ ಹತ್ತಿದರೆ ಆಚೆ ದಡದಲ್ಲಿ ಲಾವೋಸ್. ನಾವು ಅಲ್ಲೇ ವೀಸಾ ಮಾಡಿಸಿಕೊಂಡೆವು. ಒಂದು ಫೋಟೋ, ಒಂದು ಅರ್ಜಿ, ಡಾಲರ್. ನೋಟು ಮಡಚಿ ಸವೆದಿದ್ದರೆ, ತುದಿ ಹರಿದಿದ್ದರೆ ವಾಪಸ್ ತಳ್ಳುತ್ತಾರೆ. ನಮ್ಮ ಮುಂದೆ ನಿಂತಿದ್ದ ಒಬ್ಬರದ್ದು ಹಾಗೇ ಆಯಿತು. ಹೋಗುವವರು ಊರಿಂದಲೇ ಗರಿಗರಿ ನೋಟು ತಗೊಂಡು ಹೋಗಿ.

ಅಲ್ಲಿಯ ದುಡ್ಡು ಕಿಪ್. ಅದರ ಲೆಕ್ಕ ತಲೆಗೆ ಹತ್ತೋಕೆ ಸ್ವಲ್ಪ ಹೊತ್ತು ಬೇಕು. ಆಗ ಒಂದು ಡಾಲರ್‌ಗೆ 20,000 ಕಿಪ್‌ಗೂ ಜಾಸ್ತಿ ಇತ್ತು. ಒಂದು ಕಾಫಿಗೂ ಸಾವಿರಗಟ್ಟಲೆ ಎಣಿಸಬೇಕು. ಭಾವ ಜೇಬಲ್ಲಿ ನೋಟಿನ ಕಟ್ಟು ಇಟ್ಟುಕೊಂಡು "ಅಡಿಕೆ ಮಂಡಿ ಸಾಹುಕಾರ ಆದೆ ನೋಡು" ಅಂತ ನಕ್ಕರು.

ರಾತ್ರಿ ಹುವಾಯ್ ಸಾಯ್‌ನಲ್ಲಿ ಉಳಿದು ಬೆಳಿಗ್ಗೆ ಬೇಗ ಬೋಟ್ ಕಟ್ಟೆಗೆ ಹೋಗುವುದು ಒಳ್ಳೆಯದು. ಟಿಕೆಟ್ಟನ್ನು ಕಟ್ಟೆಯ ಕೌಂಟರಿನಲ್ಲೇ ತಗೊಳ್ಳಿ. ಊರಿನ ಏಜೆಂಟರ ಹತ್ತಿರ ತಗೊಂಡರೆ ಅವರ ಕಮಿಷನ್ ಸೇರಿಕೊಳ್ಳುತ್ತದೆ. ಅಲ್ಲೇ ಇನ್ನೊಂದು ಆಟವೂ ಇದೆ. ನಯವಾಗಿ ಮಾತಾಡುವ ಒಬ್ಬರು ಬಂದು, ಪಾಕ್‌ಬೆಂಗ್‌ನಲ್ಲಿ ಇವತ್ತು ರೂಮೆಲ್ಲ ಭರ್ತಿ, ಕರೆಂಟೂ ಸರಿಯಿಲ್ಲ, ನಮ್ಮ ಹತ್ತಿರ ಈಗಲೇ ಬುಕ್ ಮಾಡಿ ಅನ್ನುತ್ತಾರೆ. ಭಾವ ಕೇಳಿದ್ದು ಒಂದೇ ಮಾತು: "ಎಲ್ಲ ಭರ್ತಿ ಆಗಿದ್ರೆ ನೀವು ಕೊಡೋ ರೂಮ್ ಯಾವುದಪ್ಪ?" ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಆತ ಪಕ್ಕದ ಫ್ರೆಂಚ್ ಜೋಡಿಯ ಕಡೆ ಹೋಗಿಯಾಗಿತ್ತು.

ಬೋಟ್ ಉದ್ದ, ಅಗಲ ಕಮ್ಮಿ, ಮರದ್ದು. ಮೇಲೆ ತಗ್ಗಾದ ಮಾಡು, ಎರಡೂ ಕಡೆ ಗಾಳಿಗೆ ತೆರೆದದ್ದು. ಸೀಟುಗಳೆಲ್ಲ ಹಳೇ ವ್ಯಾನಿನಿಂದ ಕಿತ್ತು ತಂದವು. ನೆಲಕ್ಕೆ ಬಿಗಿದಿಲ್ಲ, ಹಿಂದೆ ಮುಂದೆ ತಳ್ಳಬಹುದು. ಟಿಕೆಟ್ ಮೇಲೆ ಸೀಟ್ ನಂಬರ್ ಇರುತ್ತದೆ, ಆದರೆ ಮೊದಲು ಬಂದವರು ಎಲ್ಲಿ ಕೂತರೋ ಅದೇ ಅವರ ಸೀಟು. ಮುಂದಿನ ಭಾಗ ಹಿಡಿದುಕೊಳ್ಳಿ. ಹಿಂದೆ ಎಂಜಿನ್ ಇದೆ, ಅದರ ಪಕ್ಕ ಕೂತರೆ ದಿನವಿಡೀ ಕಿವಿಯಲ್ಲಿ ಅದೇ ಸದ್ದು. ಅದರಾಚೆ ಶೌಚಾಲಯ. ಅದಕ್ಕೂ ಆಚೆ, ಕಟ್ಟಕಡೆಗೆ, ಚಾಲಕನ ಸಂಸಾರ. ಒಲೆ, ಪಾತ್ರೆ, ಒಣಗಲು ಹಾಕಿದ ಮಕ್ಕಳ ಬಟ್ಟೆ. ಚಾಲಕನ ಹೆಂಡತಿ ಒಂದು ಪೆಟ್ಟಿಗೆಯಲ್ಲಿ ಬಿಯರ್, ಚಿಪ್ಸ್, ಬಿಸಿನೀರು ಹಾಕುವ ನೂಡಲ್ಸ್ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದಳು.

ಬೆಳಿಗ್ಗೆ ಮಂಜು, ಚಳಿ. ಬಿಸಿಲಿನ ದೇಶ ಅಂತ ಅಂಗಿಯಲ್ಲೇ ಬಂದಿದ್ದ ಹುಡುಗರೆಲ್ಲ ಟವೆಲ್ ಹೊದ್ದು ಕೂತಿದ್ದರು. ಭಾವನಿಗೆ ಅಕ್ಕ ಹೆಣೆದ ಸ್ವೆಟರ್ ಇತ್ತು.

ಈ ಬೋಟ್ ಬರೀ ಪ್ರವಾಸಿಗರದ್ದಲ್ಲ. ದಾರಿಯಲ್ಲಿ ಊರಿನವರು ದಡದಿಂದ ಕೈ ಬೀಸಿದರೆ ಚಾಲಕ ಮರಳಿಗೆ ಮೂತಿ ತಾಗಿಸಿ ನಿಲ್ಲಿಸುತ್ತಾನೆ. ಹಲಗೆ ಕೂಡ ಹಾಕುವುದಿಲ್ಲ. ಅಕ್ಕಿ ಮೂಟೆ, ಕೋಳಿ, ತಗಡಿನ ಶೀಟು, ಒಂದು ಕಡೆ ಒಂದು ಬೈಕ್ ಕೂಡ ಹೀಗೇ ಇಳಿಯಿತು. ಹ್ಮೊಂಗ್, ಖ್ಮು ಜನರ ಊರುಗಳಿವು. ಮನೆ ಕಾಣುವುದಿಲ್ಲ, ಮೇಲಕ್ಕೆ ಹತ್ತುವ ಕಾಲುದಾರಿ ಮಾತ್ರ ಕಾಣುತ್ತದೆ. ಮರಳಿನ ಮೇಲೆ ಎಮ್ಮೆ, ನೀರು ಇಳಿದ ದಿಬ್ಬದಲ್ಲಿ ಶೇಂಗಾ ಹಾಕಿದ ಸಾಲು, ಬಂಡೆ ಸಂದಿಯಿಂದ ಹೊರಗೆ ಚಾಚಿದ ಬಿದಿರ ಗಳು, ಅದಕ್ಕೆ ಕಟ್ಟಿದ ಬಲೆ.

ಭಾವ ನೋಡುತ್ತಿದ್ದುದು ಮಾತ್ರ ಬೇರೆ. "ಬಂಡೆ ಮೇಲೆ ಒದ್ದೆ ಗೆರೆ ಇದೆ ನೋಡು" ಅಂದರು. ಸರಿಯಾಗಿ ನೋಡಿದರೆ, ನೀರಿನ ಮಟ್ಟಕ್ಕಿಂತ ಮೇಲೆ ಬಂಡೆ ಕಪ್ಪಗೆ ಒದ್ದೆಯಾಗಿತ್ತು. ಮಳೆ ಬಂದಿರಲಿಲ್ಲ. ಮೇಲೆ ಚೀನಾದಲ್ಲಿ ಇದೇ ನದಿಗೆ ಸಾಲು ಸಾಲು ಅಣೆಕಟ್ಟುಗಳಿವೆ. ಅಲ್ಲಿ ಗೇಟು ಎತ್ತಿದರೆ ಇಲ್ಲಿ ಬೇಸಿಗೆಯಲ್ಲೂ ನೀರು ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಮಳೆಗಾಲದ ಗುರುತು ಅದಕ್ಕಿಂತ ಎಷ್ಟೋ ಮೇಲಿತ್ತು. ಮರದ ಕೊಂಬೆಗಳಲ್ಲಿ ಪ್ಲಾಸ್ಟಿಕ್, ಕಸ ಸಿಕ್ಕಿಕೊಂಡಿದ್ದು ನಮ್ಮ ತಲೆಯ ಮೇಲೆ ಹತ್ತಾರು ಅಡಿ ಎತ್ತರದಲ್ಲಿ.

ಸ್ಪೀಡ್ ಬೋಟ್‌ಗಳೂ ಇವೆ. ಹೆಲ್ಮೆಟ್ ಹಾಕಿಕೊಂಡು ಮೊಣಕಾಲು ಎದೆಗೊತ್ತಿ ಕೂತವರು ನಮ್ಮ ಪಕ್ಕ ಸುಂಯ್ ಅಂತ ಹೋದರು. ಒಂದೇ ದಿನದಲ್ಲಿ ಮುಟ್ಟಿಸುತ್ತಾರೆ. ಬಂಡೆಗೆ ಬಡಿದು ಅಪಘಾತ ಆಗಿದ್ದೂ ಇದೆ. ನಾನಂತೂ ಹತ್ತುವುದಿಲ್ಲ.

ಸಂಜೆ ಐದೂವರೆ ಹೊತ್ತಿಗೆ ತಿರುವಿನಲ್ಲಿ ಗುಡ್ಡದ ಮೈಗೆ ಅಂಟಿಕೊಂಡ ಮನೆಗಳು ಕಂಡವು. ಮುಂದೆ ಹೊಳೆಯ ಕಡೆ ಎದ್ದು ನಿಂತ ಬಾಲ್ಕನಿಗಳು, ಒಂದರ ಮೇಲೊಂದು. ಬೋಟ್ ನಿಲ್ಲುವ ಮುಂಚೆಯೇ ದಡದಲ್ಲಿ ಜನ ತಯಾರಾಗಿದ್ದರು.

ಪಾಕ್‌ಬೆಂಗ್‌ನ ಕೆಲಸ ಶುರುವಾಗುವುದೇ ಆಗ. ಕೆಳಗಿನ ಬೋಟುಗಳಿಗೆ ಆತು ಹೊಸ ಬೋಟ್ ನಿಂತಿತು. ಒಂದರೊಳಗಿಂದ ಇನ್ನೊಂದಕ್ಕೆ ದಾಟಿಕೊಂಡು ಇಳಿಯಬೇಕು. ಬ್ಯಾಗುಗಳನ್ನು ಸೀಟಿನಡಿಯ ಗೂಡಿನಿಂದ ಒಬ್ಬೊಬ್ಬರಾಗಿ ಎತ್ತಿ ಕೊಡುತ್ತಾರೆ. ಕಡಿದಾದ ದಡ. ಊರಿನ ಹುಡುಗರು ಕೇಳುವುದಕ್ಕೆ ಮುಂಚೆಯೇ ಬ್ಯಾಗ್ ಎತ್ತಿ ಹತ್ತಿಬಿಡುತ್ತಾರೆ, ಆಮೇಲೆ ಮೇಲೆ ನಿಂತು ದುಡ್ಡು ಕೇಳುತ್ತಾರೆ. ಬೇಡದಿದ್ದರೆ ಮೊದಲೇ ಬ್ಯಾಗ್ ಮೇಲೆ ಕೈಯಿಟ್ಟುಕೊಳ್ಳಿ. ಭಾವನಿಗೆ ಮೊಣಕಾಲು ನೋವು, ನಾವು ಒಬ್ಬನಿಗೆ ಕೊಟ್ಟೆವು. ಆ ಹುಡುಗ ಎರಡು ಬ್ಯಾಗನ್ನು ಎರಡು ಭುಜಕ್ಕೆ ಹಾಕಿಕೊಂಡು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ. ನಾವು ಮೇಲೆ ಬರುವಷ್ಟರಲ್ಲಿ ಅವನಿಗೆ ಬೇಜಾರಾಗಿ ಇನ್ನೊಂದು ಗಿರಾಕಿಗೆ ಇಳಿದು ಬರುತ್ತಿದ್ದ.

ಮೇಲೆ ಗೆಸ್ಟ್‌ಹೌಸಿನವರು. ಪ್ಲಾಸ್ಟಿಕ್ ಹಾಕಿಸಿದ ಫೋಟೋ, ಕೈಬರಹದ ಬೋರ್ಡು. ಮಂಚ, ಬಿಸಿನೀರು, ಹೊಳೆ ಕಾಣುವ ಕಿಟಕಿ. ರೂಮಿಗೆ ಯಾವ ಬರವೂ ಇರಲಿಲ್ಲ. ಬೆಳಿಗ್ಗೆ ಹುವಾಯ್ ಸಾಯ್‌ನಲ್ಲಿ ಹೆದರಿ ಬುಕ್ ಮಾಡಿದವರು ನಮಗಿಂತ ಜಾಸ್ತಿ ಕೊಟ್ಟಿದ್ದರು. ನಾವು ಬೋರ್ಡ್ ಹಿಡಿದವರನ್ನೆಲ್ಲ ದಾಟಿ ರಸ್ತೆ ಹಿಡಿದು ಸ್ವಲ್ಪ ಮೇಲೆ ನಡೆದೆವು. ಇರುವುದು ಒಂದೇ ಮುಖ್ಯ ರಸ್ತೆ. ಹೊಳೆಯಿಂದ ಶುರುವಾಗಿ ಗುಡ್ಡ ಹತ್ತಿ ಮುಂದೆ ಉದೋಮ್‌ಸಾಯ್ ಕಡೆ ಹೋಗುತ್ತದೆ. ಎರಡೂ ಕಡೆ ಗೆಸ್ಟ್‌ಹೌಸ್, ಊಟದ ಹೋಟೆಲ್, ಸಣ್ಣ ಅಂಗಡಿ. ರೂಮ್ ನೋಡಿ, ನಲ್ಲಿ ತಿರುಗಿಸಿ, ಬಿಸಿನೀರು ಬರುವುದನ್ನು ಕಂಡೇ ದುಡ್ಡು ಕೊಡಿ. ಭಾವ ಸ್ವಿಚ್ ಬೋರ್ಡನ್ನೂ ತೆಗೆದು ನೋಡುತ್ತಿದ್ದರೋ ಏನೋ, ನಾನು ಬಿಡಲಿಲ್ಲ.

ನಮಗೆ ಸಿಕ್ಕಿದ್ದು ಒಂದು ಮನೆಯವರದ್ದೇ ಜಾಗ. ಕೆಳಗೆ ಊಟದ ಹೋಟೆಲ್, ಮೇಲೆ ನಾಲ್ಕಾರು ರೂಮು. ಅಜ್ಜಿ ಅಡುಗೆ ಮಾಡುತ್ತಾಳೆ, ಮಗಳು ಲೆಕ್ಕ ನೋಡುತ್ತಾಳೆ, ಮೊಮ್ಮಗಳು ಇಂಗ್ಲಿಷ್ ಮಾತಾಡುತ್ತಾಳೆ. ಊರಲ್ಲಿ ಇಂಡಿಯನ್ ಹೋಟೆಲ್ ಕೂಡ ಇದೆ, ದಾಲ್ ರೋಟಿ ಸಿಗುತ್ತದೆ. ಅಷ್ಟು ದೂರ ಹತ್ತೋಕೆ ಭಾವನ ಕಾಲು ಒಪ್ಪಲಿಲ್ಲ. ಇಲ್ಲೇ ಏನಾದರೂ ಆಗುತ್ತದಾ ಅಂತ ಕೇಳಿದೆವು.

ಲಾವೋಸ್‌ನಲ್ಲಿ ಸಸ್ಯಾಹಾರ ಅಂದರೆ ಮಾಂಸ ಬೇಡ ಅಂತಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ಮೀನಿನ ಸಾರ ಎಲ್ಲದಕ್ಕೂ ಬೀಳುತ್ತದೆ, ನಮ್ಮಲ್ಲಿ ಉಪ್ಪು ಹಾಕಿದಷ್ಟೇ ಸಲೀಸಾಗಿ. ಮೊಮ್ಮಗಳಿಗೆ ಹೇಳಿ, ಅವಳು ಅಜ್ಜಿಗೆ ಹೇಳಿ, ಅಜ್ಜಿ ನಮ್ಮನ್ನು ಒಂದು ಸಲ ನೋಡಿ, ಕೊನೆಗೆ ಬರೀ ಬೆಳ್ಳುಳ್ಳಿ ಉಪ್ಪು ಹಾಕಿ ಹುರಿದ ಸೊಪ್ಪು, ತೋಫು, ಬಿದಿರ ಬುಟ್ಟಿಯಲ್ಲಿ ಅಂಟಕ್ಕಿ ಅನ್ನ ಬಂತು. ಖಾವ್ ನಿಯಾವ್ ಅಂತಾರೆ. ಕೈಯಲ್ಲಿ ಹಿಡಿದು ಉಂಡೆ ಕಟ್ಟಿ ಪಲ್ಯದಲ್ಲಿ ಅದ್ದಿ ತಿನ್ನಬೇಕು. ಭಾವ ಬ್ಯಾಗಿನಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ತೆಗೆದರು. ಮುಚ್ಚಳ ಬಿಚ್ಚಿದ್ದೇ ತಡ ಅಜ್ಜಿ ಒಲೆ ಬಿಟ್ಟು ಬಂದಳು. ಮೂಗಿನ ಹತ್ತಿರ ಹಿಡಿದಳು. ಒಂದು ಮಿಡಿಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಓಟೆ ಉಗುಳಿ, ಇನ್ನೊಂದಕ್ಕೆ ಕೈ ಚಾಚಿದಳು.

ಆಮೇಲೆ ಒಳಗೆ ಹೋಗಿ ತನ್ನದೊಂದು ಬಾಟಲಿ ತಂದಳು. ಜೇವ್ ಬಾಂಗ್, ಲುವಾಂಗ್ ಪ್ರಬಾಂಗ್ ಕಡೆಯ ಖಾರದ ಚಟ್ನಿ. ಕೆಂಪಗೆ, ಸುಟ್ಟ ಮೆಣಸಿನ ಘಮ. ಭಾವ ಅನ್ನದ ಉಂಡೆ ಕಟ್ಟಿ ಅದ್ದುವುದರಲ್ಲಿದ್ದರು. ಅದರಲ್ಲಿ ಎಮ್ಮೆ ಚರ್ಮದ ಚೂರು ಹಾಕಿರುತ್ತಾರೆ ಅಂತ ನನಗೆ ಗೊತ್ತಿತ್ತು.

"ಭಾವ, ಅದು ಬೇಡ."

"ಮೀನಾ?"

"ಎಮ್ಮೆ."

ಭಾವ ಉಂಡೆಯನ್ನು ಅದ್ದದೆ ಹಾಗೇ ಬಾಯಿಗೆ ಹಾಕಿಕೊಂಡು, ಅಜ್ಜಿಗೆ ಕೈ ಮುಗಿದು, ಹೊಟ್ಟೆ ತುಂಬಿತು ಅಂತ ಸನ್ನೆ ಮಾಡಿದರು. ಅಜ್ಜಿ ಬಿದ್ದು ಬಿದ್ದು ನಕ್ಕಳು. ಅವಳಿಗೆ ಗೊತ್ತಾಗಿತ್ತು ಅಂತ ನನ್ನ ಅನುಮಾನ.

ಊಟ ಆದ ಮೇಲೆ ಮೊಮ್ಮಗಳು ಕೂತು ಮಾತಾಡಿದಳು. ಬೋಟುಗಳು ಎರಡೂ ಕಡೆಯಿಂದ ಬರುತ್ತವೆ. ಲುವಾಂಗ್ ಪ್ರಬಾಂಗ್‌ನಿಂದ ಮೇಲಕ್ಕೆ ಬರುವವರೂ ಇಲ್ಲೇ ಮಲಗಬೇಕು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎಲ್ಲ ಖಾಲಿ. "ಮೊದಲು ಬೆಡ್‌ಶೀಟ್ ಒಗೆದು ಹಾಕ್ತೀವಿ, ಆಮೇಲೆ ನಿದ್ದೆ ಮಾಡ್ತೀವಿ" ಅಂದಳು. ಮೂರು ಗಂಟೆಗೆ ಎದ್ದು ಬೆಡ್‌ಶೀಟ್ ಹಾಸಿ, ಮೀನು ಸೊಪ್ಪು ತಂದು, ನಾಲ್ಕೂವರೆಗೆ ಕೆಳಗೆ ಹೋಗಿ ನಿಲ್ಲುವುದು. ಕೊರೊನಾದಲ್ಲಿ ದೇಶದ ಬಾಗಿಲೇ ಮುಚ್ಚಿತ್ತು, ಮತ್ತೆ ಪೂರ್ತಿ ತೆರೆದಿದ್ದು 2022ರ ಮೇನಲ್ಲಿ. ಆ ಎರಡು ವರ್ಷ ಈ ಮನೆಯವರು ಮೇಲೆ ಗುಡ್ಡದಲ್ಲಿ ಜೋಳ ಹಾಕಿ ಬದುಕಿದರಂತೆ. ಅಷ್ಟರಲ್ಲಿ ರೈಲೂ ಬಂದಿತ್ತು. ಮೊದಲಿನಷ್ಟು ಜನ ಇಲ್ಲ ಅಂದಳು.

"ಇಲ್ಲೇನಿಲ್ಲ" ಅನ್ನುವವರ ಮಾತು ನನಗೆ ಒಪ್ಪಿಗೆಯಾಗದ್ದು ಅದಕ್ಕೇ. ಸಂಜೆ ಇಳಿದು ಬಂದ ಅಷ್ಟೂ ಜನರಿಗೆ ಮಂಚ, ಊಟ, ಬಿಸಿನೀರು, ಬೆಳಿಗ್ಗೆ ಬುತ್ತಿ, ಎಲ್ಲ ಕೊಟ್ಟು ಒಂಬತ್ತಕ್ಕೆ ಕಳಿಸಿಬಿಡುವುದು ಸಣ್ಣ ಕೆಲಸವಾ? ದೊಡ್ಡ ಗೊಂದಲ ಕಾಣಲಿಲ್ಲ, ಕೂಗಾಟ ಕಾಣಲಿಲ್ಲ. ರಾತ್ರಿ ಹತ್ತಕ್ಕೆ ರಸ್ತೆಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ನೋಡುವುದಕ್ಕೆ ಗುಡಿ ಗೋಪುರ ಬೇಕು ಅನ್ನುವವರು ಲುವಾಂಗ್ ಪ್ರಬಾಂಗ್‌ಗೆ ಹೋದರಾಯಿತು. ಅದು 1995ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ಬೆಳಿಗ್ಗೆ ಐದಕ್ಕೆ ಹೊಗೆ ವಾಸನೆಗೆ ಎಚ್ಚರವಾಯಿತು. ಕೆಳಗೆ ಅಜ್ಜಿ ಅಂಟಕ್ಕಿ ಬೇಯಿಸುತ್ತಿದ್ದಳು. ಹಿಂದಿನ ರಾತ್ರಿಯೇ ನೆನೆ ಹಾಕಿದ ಅಕ್ಕಿ. ಕುತ್ತಿಗೆ ಸಣ್ಣದಾದ ಪಾತ್ರೆಯಲ್ಲಿ ನೀರು ಕುದಿಯುತ್ತದೆ, ಅದರ ಬಾಯಿಗೆ ಮೂತಿ ಚೂಪಾದ ಬಿದಿರ ಬುಟ್ಟಿ ಕೂರಿಸಿ, ಅಕ್ಕಿಗೆ ನೀರು ತಾಗದ ಹಾಗೆ ಹಬೆಯಲ್ಲೇ ಬೇಯಿಸುತ್ತಾರೆ. ಅರ್ಧ ಬೆಂದ ಮೇಲೆ ಅಜ್ಜಿ ಬುಟ್ಟಿ ಎತ್ತಿ ಒಂದು ಝಾಡಿಸಿದಳು. ಇಡೀ ಅನ್ನ ಒಂದೇ ಮುದ್ದೆಯಾಗಿ ಗಾಳಿಯಲ್ಲಿ ಮಗುಚಿ ಅಡಿಯದ್ದು ಮೇಲಾಗಿ ಮತ್ತೆ ಬುಟ್ಟಿಗೆ ಬಿತ್ತು. ಒಂದು ಕಾಳು ಚೆಲ್ಲಲಿಲ್ಲ. ಬೆಂದ ಮೇಲೆ ಹಲಗೆಗೆ ಸುರಿದು, ಮರದ ಸೌಟಿನಿಂದ ಹರಡಿ ಹಬೆ ಬಿಡಿಸಿ, ಬುಟ್ಟಿಗಳಿಗೆ ತುಂಬಿದಳು. ಅಷ್ಟೊತ್ತಿಗೆ ರಸ್ತೆಯಲ್ಲಿ ಕೇಸರಿ ಬಟ್ಟೆಯ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬಂದರು. ಅಜ್ಜಿ ಮೊದಲ ತುತ್ತು ಅವರ ಪಾತ್ರೆಗೆ ಹಾಕಿ ಬಂದೇ ನಮಗೆ ಬುತ್ತಿ ಕಟ್ಟಿದ್ದು.

ಆ ಹೊತ್ತಿಗೆ ರಸ್ತೆಯುದ್ದಕ್ಕೂ ಬೋಟಿನವರಿಗೆ ಬುತ್ತಿ ತಯಾರಾಗುತ್ತಿತ್ತು. ಫ್ರೆಂಚರ ಕಾಲದಿಂದ ಉಳಿದ ಉದ್ದ ಬ್ರೆಡ್ಡನ್ನು ಸೀಳಿ ಮೊಟ್ಟೆ, ಸೌತೆಕಾಯಿ, ಚೀಸ್ ತುಂಬಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಕಾಫಿಗೆ ಮಂದ ಸಿಹಿ ಹಾಲು. ಸಂತೆಯಲ್ಲಿ ಸೊಪ್ಪು, ಬಿದಿರ ಕಳಲೆ, ಹೊಳೆ ಮೀನು, ಕಾಡಿನಿಂದ ಹಿಡಿದು ತಂದ ಅಳಿಲು, ಇಲಿ. ಭಾವ ಕಳಲೆ ಅಂಗಡಿ ಮುಂದೆ ನಿಂತವರು ಅಲ್ಲಿಂದ ಮುಂದೆ ಹೋಗಲಿಲ್ಲ.

ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಆಚೆ ದಡದಲ್ಲಿ ಆನೆ ನೀರಿಗೆ ಇಳಿಯುವುದು ಕಾಣಿಸಿತು. ಅಲ್ಲಿ ಆನೆ ಶಿಬಿರ ಇದೆ. ಆಗಲೇ ನಾನು ಭಾವನಿಗೆ ಅಣೆಕಟ್ಟಿನ ವಿಷಯ ಹೇಳಿದ್ದು. ಪಾಕ್‌ಬೆಂಗ್‌ನಿಂದ ಸ್ವಲ್ಪ ಮೇಲೆ, ನಾವು ಹಿಂದಿನ ದಿನ ಬಂದ ದಾರಿಯಲ್ಲೇ, 912 ಮೆಗಾವ್ಯಾಟ್‌ನ ಯೋಜನೆ. ನಾವು ಹೋಗುವ ಕೆಲವೇ ತಿಂಗಳ ಮುಂಚೆ, 2023ರ ಸೆಪ್ಟೆಂಬರ್‌ನಲ್ಲಿ, ಥಾಯ್ಲೆಂಡ್‌ಗೆ ಕರೆಂಟ್ ಮಾರುವ ಒಪ್ಪಂದ ಆಗಿತ್ತು. ಬಹುಪಾಲು ವಿದ್ಯುತ್ ಅಲ್ಲಿಗೇ.

"912 ಅಂದ್ರೆ ನಮ್ಮ ಶರಾವತಿಗಿಂತ ಸ್ವಲ್ಪ ಕಮ್ಮಿ" ಅಂದರು. ಶರಾವತಿ ವಿದ್ಯುದಾಗಾರ 1,035. ಅದು ಅವರಿಗೆ ಮನೆ ನಂಬರ್ ಇದ್ದ ಹಾಗೆ ನೆನಪು. ಆಮೇಲೆ ಒಂದಿಷ್ಟು ಹೊತ್ತು ವಿವರಿಸಿದರು. ಇಲ್ಲಿ ಜೋಗದ ಹಾಗೆ ನೀರು ಬೀಳುವ ಎತ್ತರ ಇಲ್ಲ. ಹರಿಯುವ ನೀರು ಜಾಸ್ತಿ, ಅದನ್ನೇ ತಡೆದು ತಿರುಗಣಿ ತಿರುಗಿಸಬೇಕು. ಬೋಟ್ ದಾಟಿಸಲು ಒಂದು ಕಾಲುವೆ, ಹಿಂದೆ ಮುಂದೆ ಗೇಟು. ಬೋಟ್ ಒಳಗೆ ಹೋದ ಮೇಲೆ ನೀರು ತುಂಬಿಸಿ ಎತ್ತುವುದು ಅಥವಾ ಖಾಲಿ ಮಾಡಿ ಇಳಿಸುವುದು.

"ಹಾಗಾದರೆ ಬೋಟ್ ನಿಲ್ಲಲ್ಲ ಅಲ್ವಾ ಭಾವ?"

"ಬೋಟ್ ದಾಟುತ್ತೆ. ದಿಬ್ಬದ ಶೇಂಗಾ ದಾಟಲ್ಲ."

ಭಾವ ಮುಳುಗಡೆ ಮನೆಯವರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಅವರ ಮನೆ, ತೋಟ ನೀರಲ್ಲಿ ಹೋಯಿತು. ಅವರಿನ್ನೂ ಸಣ್ಣ ಹುಡುಗ. ಮುಂದೆ ಅದೇ ನೀರಿನಿಂದ ಕರೆಂಟ್ ತೆಗೆಯುವ ಕಡೆ ಕೆಲಸಕ್ಕೆ ಸೇರಿ, ಅದೇ ಸಂಬಳದಲ್ಲಿ ಮಕ್ಕಳನ್ನು ಓದಿಸಿದರು. ಅಣೆಕಟ್ಟು ಬೇಡ ಅಂತ ಅವರ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ, ಬೇಕು ಅಂತಲೂ ಕೇಳಿಲ್ಲ. ಅವತ್ತೂ ಅಷ್ಟೇ. ಮೊಮ್ಮಗಳನ್ನು ಕರೆದು, "ನಿಮಗೆ ಜಮೀನು ಎಲ್ಲಿದೆ, ಹೊಳೆ ಬದಿಗಾ, ಗುಡ್ಡದ ಮೇಲಾ? ಕಾಗದ ಪತ್ರ ಇದೆಯಾ?" ಅಂತ ಕೇಳಿಸಿದರು. ಗುಡ್ಡದ ಮೇಲೆ, ಕಾಗದ ಅಜ್ಜಿ ಹತ್ತಿರ ಇದೆ ಅಂದಳು. "ಜೋಪಾನ ಮಾಡೋಕೆ ಹೇಳು" ಅಂದು ಕಾಫಿ ಮುಗಿಸಿದರು.

(ಶರಾವತಿ ಹಿನ್ನೀರಿನಲ್ಲಿ ಡ್ಯಾಮ್ ಆದ ಮೇಲೇ ಸಿಗಂದೂರು ಲಾಂಚ್ ಬಂದಿದ್ದು. 2025ರ ಜುಲೈಯಲ್ಲಿ ಸೇತುವೆ ಆಯಿತು. ಉದ್ಘಾಟನೆ ದಿನ ಭಾವ ಫೋನ್ ಮಾಡಿ ಪಾಕ್‌ಬೆಂಗ್ ಅಜ್ಜಿಯನ್ನು ನೆನೆಸಿಕೊಂಡರು.)

ಎಂಟೂವರೆಗೆ ಕೆಳಗೆ ಇಳಿದೆವು. ಎರಡನೇ ದಿನ ಬೋಟ್ ಬೇರೆಯದು, ನಿನ್ನೆಯ ಸೀಟಿನ ಲೆಕ್ಕ ಇವತ್ತಿಲ್ಲ. ಅದಕ್ಕೇ ಬೇಗ ಹೋಗಬೇಕು. ದಾರಿ ಮೊದಲ ದಿನದ ಹಾಗೇ, ಕೊನೆಗೆ ಮಾತ್ರ ಬದಲಾಯಿತು. ಲುವಾಂಗ್ ಪ್ರಬಾಂಗ್‌ಗೆ ಸುಮಾರು 25 ಕಿಲೋಮೀಟರ್ ಇರುವಾಗ ಔ ನದಿ ಬಂದು ಸೇರುತ್ತದೆ. ಎದುರು ದಡದ ಸುಣ್ಣಕಲ್ಲಿನ ಬಂಡೆಯಲ್ಲಿ ಪಾಕ್ ಔ ಗುಹೆಗಳು, ಒಳಗೆ ಸಾವಿರಾರು ಬುದ್ಧನ ಮೂರ್ತಿಗಳು. ಅದೇ ಆಸುಪಾಸಿನಲ್ಲಿ ಇನ್ನೊಂದು ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು, 1,460 ಮೆಗಾವ್ಯಾಟ್‌ನದ್ದು. ಕ್ರೇನು, ಕಡಿದ ಗುಡ್ಡ, ಕೆಂಪು ಧೂಳು. ಬೋಟಿನಲ್ಲಿ ಎಲ್ಲರೂ ಮಾತು ನಿಲ್ಲಿಸಿ ಫೋನ್ ಹಿಡಿದರು. ಭಾವ ಎದ್ದು ನಿಂತು ಕೊನೆಯವರೆಗೂ ನೋಡಿದರು.

ಬೋಟ್ ಕಟ್ಟೆ ಲುವಾಂಗ್ ಪ್ರಬಾಂಗ್ ಊರಿನಿಂದ ಹತ್ತು ಕಿಲೋಮೀಟರ್ ದೂರ. ಮೇಲೆ ಹತ್ತಿದರೆ ಟುಕ್‌ಟುಕ್ ಟಿಕೆಟ್ ಕೊಡುವ ಕೌಂಟರ್ ಇದೆ, ಚೌಕಾಸಿಗೆ ಜಾಗ ಇಲ್ಲ. ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಾರ್ಚ್ ಏಪ್ರಿಲ್‌ನಲ್ಲಿ ಗುಡ್ಡಗಳಿಗೆ ಬೆಂಕಿ ಹಾಕುತ್ತಾರೆ, ಹೊಗೆಯಲ್ಲಿ ಆಚೆ ದಡ ಕಾಣುವುದಿಲ್ಲ.

ಅಲ್ಲಿಂದ ರಾಜಧಾನಿ ವಿಯೆಂಟಿಯಾನ್‌ಗೆ ಮಾತ್ರ ರೈಲೇ ಹತ್ತಿದೆವು. ಎರಡು ಗಂಟೆ ದಾರಿ, ನಡುನಡುವೆ ಸುರಂಗಗಳು. ಭಾವ ಸುರಂಗ ಎಣಿಸಲು ಶುರುಮಾಡಿ, ನಡುವೆ ನಿದ್ದೆ ಹೋದರು.